ನುಂಗುವ ಗುಳಿಗೆ ಸೂಜಿಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನೋವಿನ ಔಷಧವನ್ನು ನಶೆಗಾಗಿ ಚುಚ್ಚಿಕೊಳ್ಳುವವರ ಬಗ್ಗೆ ಮನೆಯವರು, ಮೆಡಿಕಲ್ ಶಾಪಿನವರು, ಬೀದಿಯ ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕೇ ಸಾಲು.

ಚುಚ್ಚಿಕೊಳ್ಳುವುದು ಅಂದರೆ ಹೆರಾಯಿನ್ ತಾನೆ? ಗುಳಿಗೆ ಎಲ್ಲಿಂದ ಬಂತು?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಆದರೆ ಭಾರತದಲ್ಲಿ ಲೆಕ್ಕ ಬೇರೆ ಇದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 8.5 ಲಕ್ಷ ಜನ ನಶೆ ಚುಚ್ಚಿಕೊಳ್ಳುತ್ತಾರೆ. ಅವರಲ್ಲಿ ಹೆರಾಯಿನ್ ಚುಚ್ಚುವವರು ಶೇ. 46. ಔಷಧ ಕಂಪನಿಗಳೇ ತಯಾರಿಸುವ ಓಪಿಯಾಯ್ಡ್ ಚುಚ್ಚುವವರೂ ಶೇ. 46. ಅಂದರೆ ಸರಿಸಮ.

ಓಪಿಯಾಯ್ಡ್ ಅಂದರೆ ಅಫೀಮಿನ ಬಳಗದ ನೋವು ನಿವಾರಕ. ಶಸ್ತ್ರಚಿಕಿತ್ಸೆ ಆದಾಗ, ಮೂಳೆ ಮುರಿದಾಗ, ಕ್ಯಾನ್ಸರ್ ನೋವಿಗೆ ಕೊಡುತ್ತಾರೆ. ಬ್ಯುಪ್ರಿನಾರ್ಫಿನ್, ಪೆಂಟಜೋಸಿನ್, ಟ್ರಮಡಾಲ್, ಟಪೆಂಟಡಾಲ್ ಇವೆಲ್ಲ ಇದೇ ಬಳಗದವು. ಮೊದಲೆರಡು ಇಂಜೆಕ್ಷನ್ ರೂಪದಲ್ಲೂ ಸಿಗುತ್ತವೆ. ಟಪೆಂಟಡಾಲ್ ನುಂಗಲೆಂದು ಮಾಡಿದ ಗುಳಿಗೆ. ಅದನ್ನೂ ಕರಗಿಸಿ ಚುಚ್ಚಿಕೊಳ್ಳುವವರಿದ್ದಾರೆ, ಕರ್ನಾಟಕದಲ್ಲೂ ಇದ್ದಾರೆ.

ಇದು ಈಗಿನ ಹುಡುಗರು ಶುರು ಮಾಡಿದ್ದಾ?

ಇಲ್ಲ. 1990ರ ದಶಕದಲ್ಲೇ ಚೆನ್ನೈ ಮತ್ತು ದೆಹಲಿಯ ಬೀದಿಗಳಲ್ಲಿ ಬ್ಯುಪ್ರಿನಾರ್ಫಿನ್ ಇಂಜೆಕ್ಷನ್ ಹರಡಿತ್ತು. ಹೆರಾಯಿನ್ ದುಬಾರಿ, ಗುಣಮಟ್ಟ ಹೇಗಿರುತ್ತೋ ಗೊತ್ತಿಲ್ಲ. ಇಂಜೆಕ್ಷನ್‌ನ ಆಂಪೂಲ್ (ಗಾಜಿನ ಪುಟ್ಟ ಶೀಶೆ) ಆದರೆ ಅಗ್ಗ, ಕಲಬೆರಕೆಯ ಭಯವೂ ಇಲ್ಲ. ದೆಹಲಿಯಲ್ಲಿ ಅದರ ಜೊತೆಗೆ ಅಲರ್ಜಿಗೆ ಕೊಡುವ ಏವಿಲ್, ನಿದ್ದೆ ಬರಿಸುವ ಡಯಜೆಪಾಮ್ ಎಲ್ಲ ಸೇರಿಸಿ ಚುಚ್ಚಿಕೊಳ್ಳುತ್ತಿದ್ದರು.

ಮಿಜೋರಾಂ, ನಾಗಾಲ್ಯಾಂಡ್‌ನ ಕಥೆ ಇನ್ನೂ ಕೆಟ್ಟದು. ಅಲ್ಲಿ ಹೊಟ್ಟೆನೋವಿಗೆ ಕೊಡುವ ಸ್ಪಾಸ್ಮೊ ಪ್ರಾಕ್ಸಿವಾನ್ ಕ್ಯಾಪ್ಸೂಲ್ ಬಿಚ್ಚಿ ಚುಚ್ಚುತ್ತಿದ್ದರು. ಅದರಲ್ಲಿದ್ದದ್ದು ಡೆಕ್ಸ್ಟ್ರೋಪ್ರೊಪಾಕ್ಸಿಫಿನ್. ಆ ಪುಡಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ರಕ್ತನಾಳ ಕಟ್ಟಿಕೊಂಡು ದೊಡ್ಡ ದೊಡ್ಡ ಕೀವಿನ ಗಾಯಗಳಾದವು. ಕೈಕಾಲು ಕತ್ತರಿಸಬೇಕಾಗಿ ಬಂದ ಯುವಕರೂ ಇದ್ದಾರೆ.

ಹಾಗಾದರೆ ಆ ಔಷಧಗಳನ್ನು ನಿಷೇಧಿಸಿದರೆ ಮುಗೀತಲ್ಲ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸ್ವಲ್ಪ ನಿಧಾನವಾಗಿ ನೋಡೋಣ.

2013ರಲ್ಲಿ ಸರ್ಕಾರ ಡೆಕ್ಸ್ಟ್ರೋಪ್ರೊಪಾಕ್ಸಿಫಿನ್ ಮಾರಾಟ ತಡೆಯಿತು. ಟ್ರಮಡಾಲ್ ಬೇಡಿಕೆ ಏರಿತು. 2018ರಲ್ಲಿ ಟ್ರಮಡಾಲನ್ನು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ತಂದರು. ಆಮೇಲೆ ಟಪೆಂಟಡಾಲ್ ಹೆಸರು ಕೇಳಿಬರತೊಡಗಿತು. 2020ರ ಹೊತ್ತಿಗೆ ನಿಮ್ಹಾನ್ಸ್ ವೈದ್ಯರು ಟಪೆಂಟಡಾಲ್ ಚಟದ ಬಗ್ಗೆ ಬರೆಯುವ ಹಾಗಾಯಿತು. ಗುಳಿಗೆಯ ಹೆಸರು ಬದಲಾಗುತ್ತಾ ಹೋಯಿತು. ಸೂಜಿ ಮಾತ್ರ ಹಾಗೇ ಉಳಿಯಿತು.

ನಿಯಂತ್ರಣ ಬೇಡ ಅಂತ ನಾನು ಹೇಳುತ್ತಿಲ್ಲ. ಚೀಟಿ ಇಲ್ಲದೆ ಇಂಥ ಗುಳಿಗೆ ಮಾರುವುದು ತಪ್ಪೇ. ಆದರೆ ದೇಹ ಆಗಲೇ ಔಷಧಕ್ಕೆ ಒಗ್ಗಿಹೋಗಿರುವವನ ಮುಂದೆ ಒಂದು ಬಾಗಿಲು ಮುಚ್ಚಿದರೆ ಅವನು ಮನೆಗೆ ಹೋಗುವುದಿಲ್ಲ, ಪಕ್ಕದ ಬಾಗಿಲು ತಟ್ಟುತ್ತಾನೆ. ಆ ಪಕ್ಕದ ಬಾಗಿಲಲ್ಲಿ ಚಿಕಿತ್ಸೆ ಇರಬೇಕು. ನಮ್ಮಲ್ಲಿ ನಿಷೇಧ ಬೇಗ ಬರುತ್ತದೆ, ಚಿಕಿತ್ಸೆ ತಡವಾಗಿ ಬರುತ್ತದೆ. ನನ್ನ ತಕರಾರು ಅಷ್ಟೇ.

ಚುಚ್ಚಲು ಆಗದ ಹಾಗೆ ಗುಳಿಗೆಯನ್ನೇ ತಯಾರಿಸಬಹುದಲ್ವಾ?

ಅಮೆರಿಕದಲ್ಲಿ ಮಾಡಿ ನೋಡಿದರು. ಒಪಾನಾ ಇಆರ್ ಅನ್ನೋ ಗುಳಿಗೆ, ಒಳಗಿರುವುದು ಆಕ್ಸಿಮಾರ್ಫೋನ್. ಜನ ಅದನ್ನು ಪುಡಿ ಮಾಡಿ ಮೂಗಿಗೆ ಏರಿಸುತ್ತಿದ್ದರು. 2012ರಲ್ಲಿ ಕಂಪನಿ ಪುಡಿಯಾಗದ ಹಾಗೆ ಗಟ್ಟಿ ಗುಳಿಗೆ ತಂದಿತು. ಮೂಗಿಗೆ ಏರಿಸುವುದು ಕಷ್ಟವಾಯಿತು. ಆಗ ಜನ ಅದನ್ನು ಚುಚ್ಚಿಕೊಳ್ಳಲು ಶುರು ಮಾಡಿದರು! ಮೂಗಿನಿಂದ ರಕ್ತನಾಳಕ್ಕೆ ಬಂತು ವಿಷಯ. ಗುಳಿಗೆಗೆ ಹಾಕಿದ ಹೊಸ ಲೇಪ ರಕ್ತಕ್ಕೆ ಸೇರಿ ಟೆನೆಸಿ ರಾಜ್ಯದಲ್ಲಿ ಕೆಲವರಿಗೆ ಅಪರೂಪದ ರಕ್ತದ ಕಾಯಿಲೆಯೂ ಬಂತು.

ಕೊನೆಗೆ 2017ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗುಳಿಗೆಯನ್ನು ಮಾರುಕಟ್ಟೆಯಿಂದ ತೆಗೆಯಿರಿ ಎಂದು ಕಂಪನಿಗೆ ಹೇಳಿತು. ದುರ್ಬಳಕೆಯ ಕಾರಣಕ್ಕೆ ಒಂದು ಓಪಿಯಾಯ್ಡನ್ನು ಹಾಗೆ ತೆಗೆಸಿದ್ದು ಅದೇ ಮೊದಲು. ಅಷ್ಟರಲ್ಲಿ ಇಂಡಿಯಾನಾದ ಒಂದು ಸಣ್ಣ ಊರು ಹಾಳಾಗಿತ್ತು. ಆ ಕಥೆ ಕೆಳಗೆ ಬರುತ್ತದೆ.

ನುಂಗಿದರೂ ನಶೆ ಏರುತ್ತದಲ್ಲ, ಚುಚ್ಚುವುದು ಯಾಕೆ?

ನುಂಗಿದ್ದು ಹೊಟ್ಟೆ, ಲಿವರ್ ದಾಟಿ ಬರಬೇಕು. ತಡ, ಜೊತೆಗೆ ಸೋರಿಕೆ. ಚುಚ್ಚಿದ್ದು ಸೆಕೆಂಡುಗಳಲ್ಲಿ ಮೆದುಳಿಗೆ ಹೋಗುತ್ತದೆ. ಕೈಯಲ್ಲಿ ಕಾಸು ಕಡಿಮೆ ಇದ್ದವನಿಗೆ ಅರ್ಧ ಗುಳಿಗೆಯಲ್ಲೇ ಕೆಲಸ ಆಗುತ್ತದೆ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಕೆಲವು ತಿಂಗಳಾದ ಮೇಲೆ ಯಾರೂ ಮಜಕ್ಕಾಗಿ ಚುಚ್ಚುವುದಿಲ್ಲ. ತೆಗೆದುಕೊಳ್ಳದಿದ್ದರೆ ಮೂಗು ಕಣ್ಣು ಸೋರುತ್ತದೆ, ಮೂಳೆ ಮೂಳೆ ನೋಯುತ್ತದೆ, ಭೇದಿಯಾಗುತ್ತದೆ, ಚಳಿ ಹಿಡಿಯುತ್ತದೆ, ರಾತ್ರಿಯಿಡೀ ನಿದ್ದೆ ಇಲ್ಲ. ಅದನ್ನು ತಪ್ಪಿಸಿಕೊಳ್ಳಲು ಚುಚ್ಚುತ್ತಾರೆ. ಬೆಳಿಗ್ಗೆ ಎದ್ದು ಕೂಲಿಗೆ ಹೋಗಬೇಕಾದರೂ ಅದು ಬೇಕು.

ಗುಳಿಗೆ ಕರಗಿಸಿ ಚುಚ್ಚಿದರೆ ಒಳಗೆ ಏನಾಗುತ್ತದೆ?

ಗುಳಿಗೆಯಲ್ಲಿ ಔಷಧ ಇರುವುದು ಸ್ವಲ್ಪ. ಉಳಿದದ್ದು ಟಾಲ್ಕ್, ಗಂಜಿಪುಡಿ, ಸೆಲ್ಯುಲೋಸ್, ಬಣ್ಣ. ಹೊಟ್ಟೆಗೆ ಹೋದರೆ ಇವುಗಳಿಂದ ತೊಂದರೆ ಇಲ್ಲ. ರಕ್ತಕ್ಕೆ ಹೋದರೆ ಕರಗದ ಕಣಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಗಂಟು ಕಟ್ಟುತ್ತದೆ, ಕ್ರಮೇಣ ಏದುಸಿರು ಶುರುವಾಗುತ್ತದೆ. ಹತ್ತಿಯಲ್ಲಿ ಸೋಸಿದರೆ ಎಲ್ಲ ಹೋಗುತ್ತದೆ ಅನ್ನುವುದು ಸುಳ್ಳು. ಕಣ್ಣಿಗೆ ಕಾಣದ ಕಣ ಹತ್ತಿಗೂ ಸಿಗುವುದಿಲ್ಲ.

ಚರ್ಮದ ಮೇಲಿನ ಕೊಳೆ ಸೂಜಿಯ ಜೊತೆ ಒಳಗೆ ಹೋದರೆ ಕೀವು ಕಟ್ಟುತ್ತದೆ. ಆ ಸೋಂಕು ಹೃದಯದ ಕವಾಟಕ್ಕೆ ತಲುಪಿದರೆ ಜೀವಕ್ಕೇ ಅಪಾಯ. ನಶೆ ಚುಚ್ಚುವವರಿಗೆ ಕಾರಣ ಗೊತ್ತಾಗದ ಜ್ವರ ಎರಡು ದಿನ ಬಿಡದೆ ಕಾಡಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬಾರದು, ಆಸ್ಪತ್ರೆಗೆ ಹೋಗಲೇಬೇಕು.

ತಪ್ಪಿ ಅಪಧಮನಿಗೆ, ಅಂದರೆ ನಾಡಿ ಬಡಿಯುವ ನಾಳಕ್ಕೆ ಚುಚ್ಚಿದರೆ ಬೆರಳುಗಳು ಕಪ್ಪಾಗಿ ಕೊಳೆಯಬಹುದು. ಚುಚ್ಚಿದ ತಕ್ಷಣ ಕೈಯಲ್ಲಿ ಬೆಂಕಿ ಇಟ್ಟಂತಾದರೆ ಗಂಟೆ ಕಾಯಬೇಡಿ. ಪೆಂಟಜೋಸಿನ್‌ನದು ಇನ್ನೊಂದು ರೀತಿ. ವರ್ಷಗಟ್ಟಲೆ ಚುಚ್ಚಿದ ತೊಡೆ, ತೋಳು ಮರದ ಹಲಗೆಯಂತೆ ಗಟ್ಟಿಯಾಗುತ್ತವೆ. ಹುಣ್ಣು ಆದರೆ ಬೇಗ ಮಾಯುವುದಿಲ್ಲ.

ಸೂಜಿ ಹಂಚಿಕೊಂಡರೆ ಎಚ್‌ಐವಿ ಬರುತ್ತದೆ, ಗೊತ್ತು. ಅಪಾಯ ನಿಜವಾಗಿ ಎಷ್ಟು?

ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇ. 0.2. ನಶೆ ಚುಚ್ಚುವವರಲ್ಲಿ 2017ರ ಸರ್ಕಾರಿ ಕಣ್ಗಾವಲಿನ ಪ್ರಕಾರ ಶೇ. 6.26. ಅಪಾಯದಲ್ಲಿರುವ ಬೇರೆ ಯಾವ ಗುಂಪಿಗಿಂತಲೂ ಇದು ಜಾಸ್ತಿ. ಮಣಿಪುರದಲ್ಲಿ 1989–90ರಲ್ಲಿ ಸೋಂಕು ಹೊಕ್ಕಾಗ, ಕೆಲವೇ ತಿಂಗಳಲ್ಲಿ ಪರೀಕ್ಷೆಗೆ ಬಂದವರಲ್ಲಿ ಅರ್ಧದಷ್ಟು ಜನರಿಗೆ ತಗುಲಿತ್ತು. ಲೈಂಗಿಕವಾಗಿ ಹರಡುವಾಗ ಇಷ್ಟು ವೇಗ ಇರುವುದಿಲ್ಲ.

ಎಚ್‌ಐವಿಗಿಂತ ಸುಲಭವಾಗಿ ಹರಡುವುದು ಹೆಪಟೈಟಿಸ್ ಸಿ. ಪ್ರಯೋಗಾಲಯದಲ್ಲಿ ನೋಡಿದಾಗ ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಈ ವೈರಸ್ 63 ದಿನದವರೆಗೂ ಬದುಕಿತ್ತು. ಸೂಜಿ ಮಾತ್ರ ಅಲ್ಲ. ಕರಗಿಸುವ ಚಮಚ, ನೀರು, ಹತ್ತಿ ಹಂಚಿಕೊಂಡರೂ ಬರುತ್ತದೆ. "ಸೂಜಿ ನಂದೇ, ನೀರು ಮಾತ್ರ ಅವನದು" ಅನ್ನುವವರು ಇದನ್ನು ನೆನಪಿಡಬೇಕು.

ಒಳ್ಳೆ ಸುದ್ದಿಯೂ ಇದೆ. ಹೆಪಟೈಟಿಸ್ ಸಿ ಪೂರ್ತಿ ಗುಣವಾಗುತ್ತದೆ. ಹೆಚ್ಚಿನವರಿಗೆ 12 ವಾರ ಗುಳಿಗೆ ನುಂಗಿದರೆ ಸಾಕು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಹೆಪಟೈಟಿಸ್ ಬಿಗೆ ಲಸಿಕೆ ಇದೆ.

'ಹಾರ್ಮ್ ರಿಡಕ್ಷನ್' ಅಂದರೆ ಏನು?

ಹಾನಿ ತಗ್ಗಿಸುವುದು. ಚಟ ಇವತ್ತೇ ಬಿಡಲು ಆಗದವನು ನಾಳೆಯವರೆಗೆ ಬದುಕಿರಬೇಕು, ಕಾಯಿಲೆ ಅಂಟಿಸಿಕೊಳ್ಳಬಾರದು, ಬೇರೆಯವರಿಗೂ ಅಂಟಿಸಬಾರದು. ಅದಕ್ಕೆ ಬೇಕಾದದ್ದನ್ನು ಕೊಡುವುದು. ಹಳೆ ಸೂಜಿ ಪಡೆದು ಹೊಸದು ಕೊಡುವುದು, ಗಾಯಕ್ಕೆ ಡ್ರೆಸಿಂಗ್, ರಕ್ತಪರೀಕ್ಷೆ, ಕಾಂಡೋಮ್, ಚುಚ್ಚುವ ಔಷಧದ ಬದಲು ನಾಲಿಗೆ ಕೆಳಗೆ ಇಡುವ ಔಷಧ, ಓವರ್‌ಡೋಸ್ ಆದರೆ ಬದುಕಿಸುವ ತಯಾರಿ.

ಆಮ್‌ಸ್ಟರ್‌ಡ್ಯಾಂನಲ್ಲಿ 1984ರಲ್ಲಿ ಸೂಜಿ ವಿನಿಮಯ ಶುರುವಾಯಿತು. ಅದಕ್ಕೆ ಒತ್ತಾಯ ಮಾಡಿದ್ದು ನಶೆ ಮಾಡುವವರದೇ ಸಂಘ. ನಮ್ಮಲ್ಲಿ ಮಣಿಪುರ ಸರ್ಕಾರ 1996ರಲ್ಲೇ ಇದನ್ನು ರಾಜ್ಯದ ನೀತಿಯಾಗಿ ಒಪ್ಪಿತು. ಈಶಾನ್ಯದ ಪುಟ್ಟ ರಾಜ್ಯ, ಉಳಿದವರಿಗಿಂತ ಮುಂದೆ ಇತ್ತು. ನಮ್ಮ ಪತ್ರಿಕೆಗಳು ಇದನ್ನು ಹೇಳುವುದು ಕಡಿಮೆ.

ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಆಗಲ್ವಾ?

ಕೊಡದೇ ಇದ್ದಾಗ ಏನಾಯಿತು ಅನ್ನುವುದಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ (ನಮ್ಮ ಜಿಲ್ಲೆ ಇದ್ದಂತೆ) ಇದೆ.

ಅಲ್ಲಿ ಆಸ್ಟಿನ್ ಅಂತ ಸುಮಾರು ನಾಲ್ಕು ಸಾವಿರ ಜನರ ಊರು. ಊರಿಗೆಲ್ಲ ಒಬ್ಬರೇ ಡಾಕ್ಟರ್. ಒಂದು ಒಪಾನಾ ಗುಳಿಗೆಗೆ ಬೀದಿಯಲ್ಲಿ ನೂರು ಡಾಲರಿಗೂ ಜಾಸ್ತಿ ಬೆಲೆ. ಹಾಗಾಗಿ ಒಂದನ್ನೇ ನಾಲ್ಕೈದು ಜನ ಹಂಚಿಕೊಳ್ಳುತ್ತಿದ್ದರು. ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಚುಚ್ಚುವವರಿದ್ದರು. ಕೆಲವು ಮನೆಗಳಲ್ಲಿ ಅಜ್ಜಿ, ಮಗಳು, ಮೊಮ್ಮಗ ಒಟ್ಟಿಗೆ ಕೂತು ಚುಚ್ಚುತ್ತಿದ್ದರು. ಆ ರಾಜ್ಯದಲ್ಲಿ ಆಗ ಸೂಜಿ ವಿನಿಮಯ ಕಾನೂನುಬಾಹಿರವಾಗಿತ್ತು.

ವರ್ಷಕ್ಕೆ ಐದು ಎಚ್‌ಐವಿ ಪ್ರಕರಣವೂ ಇಲ್ಲದ ಕೌಂಟಿಯಲ್ಲಿ 2015ರ ಕೊನೆಗೆ 181 ಪ್ರಕರಣ ಸಿಕ್ಕವು. ಅವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಹೆಪಟೈಟಿಸ್ ಸಿ ಕೂಡ ಇತ್ತು. ಸೂಜಿ ವಿನಿಮಯವನ್ನು ವಿರೋಧಿಸುತ್ತಿದ್ದ ಗವರ್ನರ್ ಮೈಕ್ ಪೆನ್ಸ್, ಮುಂದೆ ಉಪಾಧ್ಯಕ್ಷರಾದವರು, ಅದೇ ವರ್ಷ ಮಾರ್ಚ್ 26ರಂದು ತುರ್ತು ಪರಿಸ್ಥಿತಿ ಘೋಷಿಸಿ ತಾತ್ಕಾಲಿಕವಾಗಿ ಅದಕ್ಕೆ ಒಪ್ಪಿದರು. ಸೂಜಿ, ಪರೀಕ್ಷೆ, ಎಚ್‌ಐವಿ ಔಷಧ ಎಲ್ಲ ಒಂದೇ ಕಡೆ ಸಿಗುವಂತೆ ಮಾಡಿದರು. ಹೊಸ ಸೋಂಕು ಇಳಿಯಿತು.

ಇಷ್ಟಾದರೂ 2021ರಲ್ಲಿ ಅದೇ ಕೌಂಟಿಯ ಆಡಳಿತ ಎರಡು–ಒಂದು ಮತದಿಂದ ಆ ಕಾರ್ಯಕ್ರಮ ಮುಚ್ಚಲು ತೀರ್ಮಾನಿಸಿತು. ಕಾಯಿಲೆ ಕಾಣದಾದ ಮೇಲೆ ಔಷಧ ಯಾಕೆ ಅನ್ನುವ ಲೆಕ್ಕ ಇರಬೇಕು.

ಹಳೆಯ ಉದಾಹರಣೆ ಬೇಕಾದರೆ ಸ್ಕಾಟ್ಲೆಂಡಿನ ಎಡಿನ್‌ಬರೋ ನೋಡಿ. 1980ರ ದಶಕದ ಮೊದಲಲ್ಲಿ ಅಂಗಡಿಗಳು ಸಿರಿಂಜ್ ಮಾರುವುದನ್ನು ನಿಲ್ಲಿಸಿದವು, ಪೊಲೀಸರು ಸಿಕ್ಕ ಸಿರಿಂಜ್ ಕಿತ್ತುಕೊಂಡರು. ಯಾರೂ ಚುಚ್ಚುವುದನ್ನು ಬಿಡಲಿಲ್ಲ. ಒಂದೇ ಸಿರಿಂಜ್ ಹತ್ತಾರು ಕೈ ದಾಟಿತು. ಅಲ್ಲಿನ ಒಂದು ಬಡಾವಣೆಯ ಕ್ಲಿನಿಕ್ಕಿನಲ್ಲಿ ಪರೀಕ್ಷಿಸಿದವರಲ್ಲಿ ಅರ್ಧದಷ್ಟು ಜನಕ್ಕೆ ಎಚ್‌ಐವಿ ಸಿಕ್ಕಿತು.

ಸೂಜಿ ಕೊಡುವ ಕಡೆಗಳಲ್ಲಿ ಹೊಸಬರು ಚಟಕ್ಕೆ ಬೀಳುವುದು ಹೆಚ್ಚಿದೆ ಅಂತ ಇಷ್ಟು ವರ್ಷಗಳ ಅಧ್ಯಯನಗಳಲ್ಲಿ ಕಂಡಿಲ್ಲ. ಯೋಚಿಸಿ ನೋಡಿ, ಸಿರಿಂಜ್ ಪುಕ್ಕಟೆ ಸಿಗುತ್ತದೆ ಅಂತ ಯಾರಾದರೂ ನಶೆ ಶುರು ಮಾಡುತ್ತಾರಾ?

ಇದೆಲ್ಲ ನಮ್ಮ ಕಾನೂನಿಗೆ ಒಪ್ಪಿಗೆಯಾ?

ಒಪ್ಪಿಗೆ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಸೆಕ್ಷನ್ ಹಾನಿ ತಗ್ಗಿಸುವ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ಕಾಯ್ದೆಯೊಳಗೇ ಉದಾಹರಣೆ ಬರೆದಿದ್ದಾರೆ: ನೋಂದಾಯಿತ ಕಾರ್ಯಕ್ರಮದಲ್ಲಿ ಹಳೆ ಸೂಜಿಗೆ ಬದಲಾಗಿ ಹೊಸದು ಕೊಟ್ಟವರೂ ಪಡೆದವರೂ ಅದಕ್ಕಾಗಿ ತಪ್ಪಿತಸ್ಥರಲ್ಲ. ಹಾಗಂತ ನಶೆ ಮಾಡುವುದು ಕಾನೂನುಬದ್ಧ ಅಲ್ಲ. ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಗೂ ಶಿಕ್ಷೆ ಇದೆ. ಅದೇ ಕಾಯ್ದೆಯ 64ಎ ಸೆಕ್ಷನ್, ತಾನಾಗಿ ಚಿಕಿತ್ಸೆಗೆ ಬಂದವನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು. ವಕೀಲರ ಹತ್ತಿರ ಹೋದಾಗ ಈ ಸೆಕ್ಷನ್ ಹೆಸರು ಎತ್ತಿ.

ಬ್ಯುಪ್ರಿನಾರ್ಫಿನ್ ಚುಚ್ಚುವ ನಶೆ ಅಂದಿರಿ. ಅದನ್ನೇ ಚಿಕಿತ್ಸೆ ಅಂತ ಕೊಡುವುದು ಎಂಥ ನ್ಯಾಯ?

ಒಳ್ಳೆ ಪ್ರಶ್ನೆ. ಔಷಧ ಒಂದೇ, ದಾರಿ ಬೇರೆ. ನಾಲಿಗೆ ಕೆಳಗೆ ಇಟ್ಟ ಗುಳಿಗೆ ನಿಧಾನವಾಗಿ ಏರುತ್ತದೆ, ಒಂದು ದಿನ ಪೂರ್ತಿ ನಿಲ್ಲುತ್ತದೆ. ಸರಿಯಾದ ಪ್ರಮಾಣ ಸಿಕ್ಕಿದ ಮೇಲೆ ನಶೆ ಏರುವುದಿಲ್ಲ, ಮೈನೋವೂ ಬರುವುದಿಲ್ಲ. ದಿನಕ್ಕೆ ನಾಲ್ಕು ಸಲ ಸೂಜಿ ಹುಡುಕುತ್ತಿದ್ದವನು ಬೆಳಿಗ್ಗೆ ಕೇಂದ್ರಕ್ಕೆ ಬಂದು, ನರ್ಸ್ ಮುಂದೆ ಗುಳಿಗೆ ಇಟ್ಟುಕೊಂಡು, ಕೆಲಸಕ್ಕೆ ಹೋಗಬಹುದು.

ಕೆಲವು ಗುಳಿಗೆಗಳಲ್ಲಿ ಓಪಿಯಾಯ್ಡ್ ಪ್ರಭಾವವನ್ನು ತಡೆಯುವ ನಲಾಕ್ಸೋನ್ ಬೆರೆಸಿರುತ್ತಾರೆ. ನಾಲಿಗೆ ಕೆಳಗೆ ಇಟ್ಟರೆ ಅದರ ಪ್ರಭಾವ ಇಲ್ಲದಷ್ಟೇ. ಕರಗಿಸಿ ಚುಚ್ಚಿದರೆ ಮೈನೋವು, ವಾಂತಿ ಎಲ್ಲ ಒಮ್ಮೆಗೇ ಕೆರಳಬಹುದು. ಚುಚ್ಚುವವನಿಗೆ ಅದೇ ತಡೆ.

ದೆಹಲಿಯಲ್ಲಿ 1993ರಲ್ಲೇ ಒಂದು ಸ್ವಯಂಸೇವಾ ಸಂಸ್ಥೆ ಇದನ್ನು ಶುರು ಮಾಡಿತ್ತು. ಆಮೇಲೆ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ತನ್ನ ಮೂರನೇ ಹಂತದ ಕಾರ್ಯಕ್ರಮದಲ್ಲಿ ಒಎಸ್‌ಟಿ, ಅಂದರೆ ಬದಲಿ ಔಷಧ ಕೊಡುವ ಕೇಂದ್ರಗಳನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೆಥಡೋನ್ (ಇನ್ನೊಂದು ಬದಲಿ ಔಷಧ) ಮತ್ತು ಬ್ಯುಪ್ರಿನಾರ್ಫಿನನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಒಂದು ಎಚ್ಚರಿಕೆ: ಮೈಯಲ್ಲಿ ಬೇರೆ ಓಪಿಯಾಯ್ಡ್ ಇನ್ನೂ ಇರುವಾಗ ಬ್ಯುಪ್ರಿನಾರ್ಫಿನ್ ಇಟ್ಟುಕೊಂಡರೆ ಮೈನೋವು ಒಮ್ಮೆಗೇ ಕೆರಳುತ್ತದೆ. ಹಾಗಾಗಿ ಮೊದಲ ಗುಳಿಗೆ ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಎಷ್ಟು ತಿಂಗಳಲ್ಲಿ ಈ ಗುಳಿಗೆಯನ್ನೂ ಬಿಡಿಸುತ್ತಾರೆ?

ಮನೆಯವರಿಗೆ ಇದೇ ಅವಸರ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಗುಳಿಗೆ ನುಂಗಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಮಾತ್ರ ತಿಂಗಳ ಲೆಕ್ಕ. ಬೇಗ ನಿಲ್ಲಿಸಿದವರು ಮತ್ತೆ ಸೂಜಿಗೆ ಹೋಗುವುದೇ ಜಾಸ್ತಿ. ವರ್ಷ, ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗಬಹುದು.

ಒಂದು ತಿಂಗಳು ಕೂಡಿಹಾಕಿದರೆ ಚಟ ಬಿಡುತ್ತದಲ್ವಾ?

ಮೈನೋವು ಹೋಗುತ್ತದೆ. ಚಟ ಹೋಗುವುದಿಲ್ಲ. ಆದರೆ ಔಷಧವನ್ನು ದೇಹ ತಡೆದುಕೊಳ್ಳುವ ಶಕ್ತಿ ಕುಸಿಯುತ್ತದೆ. ಹೊರಗೆ ಬಂದವನು ಹಳೆ ನೆನಪಿನಲ್ಲಿ ಹಳೆ ಪ್ರಮಾಣವನ್ನೇ ಚುಚ್ಚಿಕೊಂಡರೆ ಉಸಿರು ನಿಲ್ಲಬಹುದು. ಜೈಲಿನಿಂದ, ಡಿ-ಅಡಿಕ್ಷನ್ ಕೇಂದ್ರದಿಂದ ಹೊರಬಂದ ಮೊದಲ ಕೆಲವು ವಾರಗಳೇ ಅತಿ ಅಪಾಯದವು.

ನನಗೆ ಗೊತ್ತಿದ್ದ ಒಬ್ಬ ಹುಡುಗನನ್ನು ಮನೆಯವರು ಸಾಲ ಮಾಡಿ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದ್ದರು. ಬಿಡುಗಡೆಯ ದಿನ ಅವನಿಗೆ ಒಬ್ಬಟ್ಟಿನ ಊಟ ಹಾಕಿದರು. ಈ ಅಪಾಯದ ಬಗ್ಗೆ ಅಲ್ಲಿ ಯಾರೂ ಅವನಿಗಾಗಲಿ ಮನೆಯವರಿಗಾಗಲಿ ಒಂದು ಮಾತು ಹೇಳಿರಲಿಲ್ಲ. ಹತ್ತು ದಿನವೂ ಆಗಿರಲಿಲ್ಲ.

ಓವರ್‌ಡೋಸ್ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಏನು ಮಾಡಬೇಕು?

ಕರೆದರೆ ಏಳುವುದಿಲ್ಲ. ಉಸಿರು ನಿಧಾನ, ಅಥವಾ ಗೊರಗೊರ ಸದ್ದು. ತುಟಿ, ಉಗುರು ನೀಲಿ ಇಲ್ಲವೇ ಬೂದಿ ಬಣ್ಣ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. "ಗೊರಕೆ ಹೊಡೀತಿದಾನೆ, ಮಲಗಲಿ ಬಿಡಿ" ಅಂತ ಬಿಟ್ಟು ಕಳೆದುಕೊಂಡ ಜೀವಗಳು ಎಷ್ಟೋ.

108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಬಾಯಲ್ಲಿ ಏನಾದರೂ ಇದ್ದರೆ ತೆಗೆಯಿರಿ. ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಐದು ಸೆಕೆಂಡಿಗೊಮ್ಮೆ ಊದಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ಉಪ್ಪುನೀರು, ಮಜ್ಜಿಗೆ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಬ್ಬಿಸಿ ನಡೆಸಬೇಡಿ.

ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿದ್ದ ಅಂತ ಮುಚ್ಚಿಡದೆ ಹೇಳಿ, ಸ್ಟ್ರಿಪ್ ಇದ್ದರೆ ತೋರಿಸಿ. ನಲಾಕ್ಸೋನ್ ಇಂಜೆಕ್ಷನ್ ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಆದರೆ ಅದರ ಪ್ರಭಾವ ಒಂದು ಗಂಟೆಯ ಆಚೀಚೆ ಇಳಿಯುತ್ತದೆ. ಎದ್ದು ಕೂತ ಅಂತ ತಕ್ಷಣ ಮನೆಗೆ ಕರೆದುಕೊಂಡು ಹೋಗಬೇಡಿ.

ಚುಚ್ಚುವವರಿಗೆ ಒಂದು ಮಾತು. ಒಬ್ಬರೇ ಇರಬೇಡಿ, ಬಾಗಿಲಿಗೆ ಚಿಲಕ ಹಾಕಬೇಡಿ. ಮದ್ಯ, ನಿದ್ದೆ ಗುಳಿಗೆ ಜೊತೆಗೆ ಸೇರಿಸಬೇಡಿ. ಉಸಿರು ನಿಲ್ಲಿಸುವುದು ಹೆಚ್ಚಾಗಿ ಈ ಬೆರಕೆಯೇ.

ಮಗನ ಬ್ಯಾಗಿನಲ್ಲಿ ಸಿರಿಂಜ್ ಸಿಕ್ಕಿದೆ. ಏನು ಮಾಡಲಿ?

ಆ ರಾತ್ರಿಯೇ ಜಗಳ ತೆಗೆಯಬೇಡಿ. ಸಿರಿಂಜ್ ಎಸೆದರೆ ಅವನು ಬೇರೆಯವರದನ್ನು ಬಳಸುತ್ತಾನೆ, ಅಷ್ಟೇ. ಬೆಳಿಗ್ಗೆ ಕೂರಿಸಿ, "ನೀನು ಏನು ತಗೋತಿದೀಯ, ಎಷ್ಟು ದಿನದಿಂದ, ಯಾರ ಜೊತೆ ಸೂಜಿ ಹಂಚಿಕೊಂಡಿದೀಯ" ಅಂತ ಕೇಳಿ. ಉತ್ತರ ಸುಳ್ಳಾದರೂ ಕೇಳಿದ್ದು ಉಳಿಯುತ್ತದೆ. ಚಿಕಿತ್ಸೆಗೆ ಒಪ್ಪದಿದ್ದರೂ ರಕ್ತಪರೀಕ್ಷೆಗೆ ಒಪ್ಪಿಸಿ.

ಹೆಣ್ಣುಮಕ್ಕಳೂ ಇದ್ದಾರಾ?

ಇದ್ದಾರೆ. ಕಣ್ಣಿಗೆ ಬೀಳುವುದು ಕಡಿಮೆ. ಕೇಂದ್ರಗಳಲ್ಲಿ ಗಂಡಸರೇ ತುಂಬಿರುವುದರಿಂದ ಅವರು ಒಳಗೆ ಕಾಲಿಡುವುದಿಲ್ಲ. ಬಸುರಿಯಾದವರು ಹೆದರಿ ಒಮ್ಮೆಗೇ ನಿಲ್ಲಿಸಬಾರದು, ಮಗುವಿಗೆ ಅಪಾಯ. ಡಾಕ್ಟರ ಸಲಹೆಯಲ್ಲಿ ಬದಲಿ ಔಷಧ ತೆಗೆದುಕೊಳ್ಳಬಹುದು.

ನಮ್ಮ ತಾಯಿಗೆ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆದಿದ್ದಾರೆ. ಇದನ್ನೆಲ್ಲ ಓದಿ ಭಯ ಆಯಿತು.

ದಯವಿಟ್ಟು ಭಯಪಟ್ಟು ನಿಲ್ಲಿಸಬೇಡಿ. ನೋವಿಗೆ ಡಾಕ್ಟರ್ ಅಳತೆ ಮಾಡಿ ಕೊಡುವುದು ಬೇರೆ, ಬೀದಿಯಲ್ಲಿ ಚುಚ್ಚುವುದು ಬೇರೆ. ನಮ್ಮ ದೇಶದಲ್ಲಿ ನೋವಿನಿಂದ ನರಳುವ ರೋಗಿಗಳಿಗೆ ಮಾರ್ಫಿನ್ ಸಿಗದಿರುವುದೇ ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕಾಗಿಯೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಿದ್ದಿ ನಿಯಮ ಸಡಿಲಿಸಿದರು. ಉಳಿದ ಗುಳಿಗೆಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಡಿ, ಮುಗಿದ ಮೇಲೆ ಆಸ್ಪತ್ರೆಗೆ ವಾಪಸ್ ಕೊಡಿ.

ನಾನು ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಸಿರಿಂಜ್ ಕೇಳಿ ಬಂದವನಿಗೆ ಕೊಡಲೋ ಬೇಡವೋ?

ಗುಳಿಗೆಯನ್ನು ಚೀಟಿ ಇಲ್ಲದೆ ಕೊಡಬೇಡಿ, ಎಷ್ಟೇ ಬೇಡಿಕೊಂಡರೂ. ಸಿರಿಂಜ್ ಮಾತ್ರ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ನೀವು ಕೊಡದಿದ್ದರೆ ಕಸದ ತೊಟ್ಟಿಯಲ್ಲಿ ಒಂದು ಸಿಗುತ್ತದೆ. ಸಾಧ್ಯವಾದರೆ ಜೊತೆಗೆ ಸಹಾಯವಾಣಿಯ ನಂಬರ್ ಬರೆದ ಚೀಟಿ ಕೊಡಿ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಅಲ್ಲೇ ಐಸಿಟಿಸಿಯಲ್ಲಿ (ಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಡುತ್ತಾರೆ. ಫೋನ್‌ನಲ್ಲಿ ಕೇಳುವುದಾದರೆ ನಶೆ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎಚ್‌ಐವಿ ಬಗ್ಗೆ 1097.

ಪಾರ್ಕಿನಲ್ಲಿ ಬಿದ್ದ ಸೂಜಿ ಮಗುವಿನ ಕಾಲಿಗೆ ಚುಚ್ಚಿತು!

ಸೋಪು, ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಚೀಪಬೇಡಿ. ಹೀಗೆ ಬಿದ್ದ ಸೂಜಿಯಿಂದ ಎಚ್‌ಐವಿ ತಗುಲುವುದು ಬಹಳ ಅಪರೂಪ. ಆದರೂ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ತಡೆಗಟ್ಟುವ ಔಷಧ ಬೇಕಾ ಅಂತ ಅವರು ನೋಡುತ್ತಾರೆ, ಬೇಕಾದರೆ ಅದು 72 ಗಂಟೆಯೊಳಗೆ ಶುರುವಾಗಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತ ತಾಯಿ ಕಾರ್ಡ್ ನೋಡಿಕೊಂಡು ಹೋಗಿ. ಆ ಸೂಜಿಯನ್ನು ಬರಿಗೈಯಲ್ಲಿ ಮುಟ್ಟದೆ, ಇಕ್ಕಳದಲ್ಲಿ ಹಿಡಿದು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಆಸ್ಪತ್ರೆಗೇ ಕೊಡಿ.